ಬಟ್ಟೆಯ ಮೇಲಿನ ಕೊಸರು

ನಮ್ಮ ಮಾರುಕಟ್ಟೆಗೆ ಆಕಾಶವಿಲ್ಲ. ಅದರ ಬದಲು ರೈಲುಗಳಿವೆ.

ಫಿಲಡೆಲ್ಫಿಯಾದ ನಡುವೆ ದೊಡ್ಡ ನಿಲ್ದಾಣ ಕಟ್ಟಬೇಕೆಂದು ರೈಲು ಕಂಪನಿಯವರು ಜಾಗ ನೋಡಲು ಬಂದಾಗ ಅಲ್ಲಿ ಆಗಲೇ ನಮ್ಮ ಹಿರಿಯರು ಬೆಣ್ಣೆ, ಕೋಳಿ, ಸೊಪ್ಪು ಹರಡಿಕೊಂಡು ಕೂತಿದ್ದರು. ಕಂಪನಿಯವರು ಏಳಿ ಅಂದರು. ಇವರು, ಗಿರಾಕಿ ಹತ್ತಿರ ಮಾತಾಡ್ತಿದೀವಿ, ಆಮೇಲೆ ಬನ್ನಿ ಅಂದರು. ಈ ಆಮೇಲೆ ಅನ್ನುವುದು ಬಹಳ ಕಾಲ ನಡೆಯಿತು. ಕೊನೆಗೆ, "ನಿಮ್ಮ ರೈಲನ್ನ ಮೇಲೆ ಓಡಿಸ್ಕೊಳ್ಳಿ, ನಾವು ಕೆಳಗೇ ಇರ್ತೀವಿ" ಎಂದು ನನ್ನ ಅಪ್ಪ ಹೇಳಿದನಂತೆ. ಹಾಗೇ ಆಯಿತು. ಪಕ್ಕದ ಮೀನಿನಂಗಡಿಯವನ ಅಪ್ಪನೂ ಇದೇ ಮಾತು ಹೇಳಿದ್ದನಂತೆ. ಸೊಪ್ಪಿನವರ ಅಜ್ಜಿಯೂ ಹೇಳಿದ್ದಳಂತೆ. ಇಷ್ಟು ಜನ ಒಂದೇ ಮಾತು ಹೇಳಿದ ಮೇಲೆ ಕಂಪನಿಗಾದರೂ ಬೇರೆ ದಾರಿ ಎಲ್ಲಿತ್ತು.

ಹೀಗೆ ನಮ್ಮ ತಲೆಯ ಮೇಲೆ ಹಳಿ ಬಂತು. ಉಗಿಬಂಡಿಯ ಕಾಲದಲ್ಲಿ ಯಾವ ರೈಲು ಬಂತೆಂದು ತಿಳಿಯಲು ನಾವು ಮೇಲೆ ಹೋಗಬೇಕಾಗಿರಲಿಲ್ಲ, ಹಾಲಿನ ಪಾತ್ರೆ ನೋಡಿದರೆ ಸಾಕು. ಚೆಸ್ಟ್‌ನಟ್ ಹಿಲ್ ಗಾಡಿಯಾದರೆ ಕೆನೆ ಸ್ವಲ್ಪ ಸುಕ್ಕಾಗುತ್ತಿತ್ತು. ಡಾಯ್ಲ್ಸ್‌ಟೌನ್ ಗಾಡಿ ಉದ್ದ, ಅದು ಬಂದರೆ ತಟ್ಟೆಯೊಳಗಿನ ಮೊಟ್ಟೆಗಳು ಒಂದಕ್ಕೊಂದು ಪಿಸುಗುಟ್ಟುತ್ತಿದ್ದವು. ಈಗ ತಂತಿ ಎಳೆದು ಕರೆಂಟಿನ ಗಾಡಿ ಬಿಟ್ಟಿದ್ದಾರೆ. ಬೆಣ್ಣೆಯ ಮೇಲೆ ಮಸಿ ಬೀಳುವುದಿಲ್ಲ, ನಿಜ. ಆದರೆ ಮೊಟ್ಟೆಗಳೂ ಮಾತು ಬಿಟ್ಟಿವೆ.

ನಿಲ್ದಾಣದಿಂದ ಹೊರಟ ಹಳಿಗಳು ಊರ ಹೊರಗೆ ಕೈಬೆರಳಿನಂತೆ ಹರಡಿಕೊಂಡವು. ಮೊದಲು ಅಲ್ಲಿ ಏನೂ ಇರಲಿಲ್ಲ. ಹಳಿ ಹೋಯಿತು, ಒಂದು ಪುಟ್ಟ ಸ್ಟೇಷನ್ ಬಂತು, ಸುತ್ತಲಿನ ಮರ ಕಡಿದು ನಿವೇಶನ ಮಾಡಿ ಮಾರಿದರು. ಹೆಮ್ಲಾಕ್ ಮರಗಳನ್ನೆಲ್ಲ ಉರುಳಿಸಿದ ಜಾಗಕ್ಕೆ ಹೆಮ್ಲಾಕ್ ಲೇನ್ ಎಂದು ಹೆಸರಿಟ್ಟರು. ವ್ಯಾಪಾರ ಅಂದರೆ ಇದು. ನಾನು ಕೋಳಿ ಮಾರಿದ ಮೇಲೆ ಅದರ ನೆನಪಿಗೆ ಯಾವುದಕ್ಕೂ ಅದರ ಹೆಸರು ಇಟ್ಟವನಲ್ಲ.

ಆ ಹೊಸ ಊರುಗಳಿಗೆ ಹೋದ ಹೆಂಗಸರಿಗೆ ಒಂದೇ ಕೊರಗು: ಅಲ್ಲಿ ಹೂವಿದೆ, ಗಾಳಿಯಿದೆ, ಒಳ್ಳೆಯ ಬೆಣ್ಣೆಯಿಲ್ಲ. ಅದಕ್ಕೆ ಬುಟ್ಟಿಯ ಪದ್ಧತಿ ಹುಟ್ಟಿತು. ಅವರು ಫೋನಿನಲ್ಲಿ ಬೇಕಾದ್ದು ಹೇಳುತ್ತಾರೆ. ನಾವು ನಮ್ಮ ನಮ್ಮ ಸಾಮಾನನ್ನು ನಿಲ್ದಾಣಕ್ಕೆ ಹತ್ತುವ ಮೆಟ್ಟಿಲ ಬುಡದ ದೊಡ್ಡ ಮೇಜಿನ ಮೇಲೆ ಇಡುತ್ತೇವೆ. ಅಲ್ಲಿ ಒಂದೊಂದು ಮನೆಗೆ ಒಂದೊಂದು ಬುಟ್ಟಿ ಕಟ್ಟಿ, ಚೌಕಳಿ ಬಟ್ಟೆ ಮುಚ್ಚಿ, ಮೇಲಿನ ರೈಲಿಗೆ ಏರಿಸುತ್ತಾರೆ. ಆಯಾ ಸ್ಟೇಷನ್ನಿನಲ್ಲಿ ಟಿಕೆಟ್ಟು ಕೊಡುವ ಏಜೆಂಟ್ ಇಳಿಸಿಕೊಂಡು ನೆರಳಿನಲ್ಲಿ ಇಡುತ್ತಾನೆ. ಮನೆಯವರು ಒಯ್ಯುತ್ತಾರೆ. ಖಾಲಿ ಬುಟ್ಟಿ ಮರುದಿನ ಅದೇ ದಾರಿಯಲ್ಲಿ ವಾಪಸ್ಸು.

ಆ ಮೇಜಿನ ಹಿಂದೆ ನಿಂತು ಕೂದಲು ಬೆಳ್ಳಗಾಗಿಸಿಕೊಂಡವಳೇ ಲವೀನಾ ಮೋಯರ್.

ಎತ್ತರದ ಹೆಂಗಸು. ಸದಾ ಕಂದು ಬಣ್ಣದ ಉಡುಪು, ಮೇಲೊಂದು ಬಿಳಿ ಏಪ್ರನ್. ಹಳ್ಳಿಯ ಹೊಲಮನೆಯಿಂದ ಹುಡುಗಿಯಾಗಿ ಬಂದವಳು ಮೂರು ಬೀದಿ ಆಚೆ ಒಂದು ಕೋಣೆ ಹಿಡಿದಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಬುಟ್ಟಿ ಬಿಟ್ಟು ಯಾವಾಗ ಆಗ್ಲಿ" ಎನ್ನುತ್ತಿದ್ದಳು. ಅವಳು ಹಾಕಿದ ಗಂಟು ರೈಲು ಎಷ್ಟು ಕುಲುಕಿದರೂ ಬಿಚ್ಚುತ್ತಿರಲಿಲ್ಲ, ಬಿಚ್ಚಬೇಕಾದವರು ಒಂದು ತುದಿ ಎಳೆದರೆ ಸಾಕು, ಹೂವಿನ ಹಾಗೆ ತೆರೆದುಕೊಳ್ಳುತ್ತಿತ್ತು.

ಇಷ್ಟು ವರ್ಷದಲ್ಲಿ ಅವಳು ಆ ಮೆಟ್ಟಿಲು ಹತ್ತಿ ಒಂದು ರೈಲಿನಲ್ಲೂ ಕೂತವಳಲ್ಲ. ಆದರೆ ಹಳಿಯ ಮೇಲಿನ ಒಂದೊಂದು ಊರನ್ನೂ ಬುಟ್ಟಿಯಿಂದಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು.

"ಗ್ಲೆನ್‌ಸೈಡ್‌ನಲ್ಲಿ ಮುದುಕರು ಜಾಸ್ತಿ ಇರ್ಬೇಕು, ಮಿಸ್ಟರ್ ಗಾಟ್‌ಶಾಲ್. ಎಲ್ಲಾ ಮೆತ್ತಗಿನ ಚೀಸೇ ಕೇಳ್ತಾರೆ. ರಾತ್ರಿ ಹೊತ್ತು ಊರೆಲ್ಲ ದೀಪ ಸಣ್ಣದು ಮಾಡಿ ಕೂತಿರ್ತಾರೆ ಅನ್ಸುತ್ತೆ."

"ಗ್ಲೆನ್‌ಸೈಡ್‌ನವರಿಗೆ ಗಟ್ಟಿ ಚೀಸಿನ ಬೆಲೆ ಜಾಸ್ತಿ ಅನ್ಸುತ್ತೆ, ಅಷ್ಟೆ," ಎಂದೆ ನಾನು.

"ಜೆಂಕಿನ್‌ಟೌನ್‌ನಲ್ಲಿ ಮಂಜು. ಸೂಪಿಗೆ ಎಲುಬು ಬಿಟ್ಟು ಬೇರೆ ಮಾತೇ ಇಲ್ಲ ಅವರದು. ಬೆಳಗ್ಗೆ ಮನೆಗಳೆಲ್ಲ ನೀರಲ್ಲಿ ಮುಳುಗಿದ ಹಾಗೆ ಕಾಣ್ತಿರುತ್ತೆ."

"ಜೆಂಕಿನ್‌ಟೌನ್‌ಗೆ ನಾನು ಹೋಗಿದೀನಿ ಕಣಮ್ಮ. ಮಂಜೂ ಇಲ್ಲ, ಏನೂ ಇಲ್ಲ. ಒಂದು ಬ್ಯಾಂಕಿದೆ."

"ನೀವು ಮಧ್ಯಾಹ್ನ ಹೋಗಿರ್ತೀರಿ," ಎಂದು ಅವಳು ಗಂಟು ಬಿಗಿದಳು.

ಎಲ್ಲ ಊರುಗಳಲ್ಲೂ ಅವಳಿಗೆ ಅತಿ ಪ್ರೀತಿಯದು ಹೆಮ್ಲಾಕ್ ಲೇನ್. ಅದಕ್ಕೆ ಕಾರಣ ಮಿಸೆಸ್ ಆಶ್‌ಬ್ರಿಜ್ ಎಂಬ ಗಿರಾಕಿಯ ಬುಟ್ಟಿ. ಬಹಳ ಹಿಂದೆ ಒಂದು ಕ್ರಿಸ್ಮಸ್ಸಿಗೆ ಲವೀನಾ ಆ ಬುಟ್ಟಿಗೆ ಕೊಸರು ಹಾಕಿದಳು: ಒಂದು ಪ್ರೆಟ್ಜೆಲ್, ಅಂದರೆ ಇಲ್ಲಿ ನಾವು ಬೆಳಗ್ಗೆ ಎದ್ದರೆ ಕಚ್ಚುವ ಉಪ್ಪು ಉದುರಿಸಿದ ಗಂಟುರೊಟ್ಟಿ, ಅದರ ಪಕ್ಕ ಟ್ಯೂಲಿಪ್ ಹೂವಿನ ಅಚ್ಚೊತ್ತಿದ ಸಣ್ಣ ಬೆಣ್ಣೆಯುಂಡೆ. ಬೆಣ್ಣೆ ನನ್ನದು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಯಾರೂ ಹೇಳುವುದಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಕೊಸರನ್ನು ಯಾವತ್ತೂ ಮೇಲೇ ಇಡುವುದು. ಗಿರಾಕಿಯ ಕಣ್ಣು ಮೊದಲು ಅದರ ಮೇಲೆ ಬೀಳಬೇಕು, ಒಳಗಿನ ಸಾಮಾನಿನ ತೂಕದ ಮೇಲಲ್ಲ. ಹಾಗೆಂದು ಲವೀನಾ ಎರಡನ್ನೂ ಎಣ್ಣೆಕಾಗದದಲ್ಲಿ ಸುತ್ತಿ, ಬಟ್ಟೆಯ ಮೇಲೆ, ಗಂಟಿನ ಸಂದಿಗೆ ಸಿಕ್ಕಿಸಿದಳು.

ಮರುದಿನ ಖಾಲಿ ಬುಟ್ಟಿ ಬಂತು. ಬಟ್ಟೆಯ ಮೇಲೆ ಒಂದು ಪೈನ್ ಕಾಯಿ, ಅದರ ಎಸಳಿಗೆಲ್ಲ ಮಂಜಿನ ಹನಿ.

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಪ್ರತಿ ವಾರ ಪ್ರೆಟ್ಜೆಲ್ ಹೋಗುವುದು, ಪ್ರತಿ ವಾರ ಏನಾದರೊಂದು ಬರುವುದು. ಹಿಮ ಕರಗುವಾಗ ಒದ್ದೆ ಕಾಗದದಲ್ಲಿ ಸುತ್ತಿದ ಬಿಳಿ ಹೂವು. ವಸಂತದಲ್ಲಿ ಲೈಲ್ಯಾಕ್ ಹೂವಿನ ಗೊಂಚಲು. ಬೇಸಿಗೆಯಲ್ಲಿ ಒಂದು ನೀಲಿ ಗರಿ. ಎಲೆ ಉದುರುವ ಕಾಲಕ್ಕೆ ಹಳದಿ ಕ್ವಿನ್ಸ್ ಹಣ್ಣು. ಕ್ವಿನ್ಸನ್ನು ಹಸಿಯಾಗಿ ತಿನ್ನಲಾಗದು, ಹಲ್ಲು ಚುರುಗುಟ್ಟುತ್ತದೆ. ಆದರೆ ಒಂದೇ ಒಂದು ಹಣ್ಣು ಮೇಜಿನ ಮೇಲಿದ್ದರೆ ನನ್ನ ಚೀಸು, ಪಕ್ಕದವನ ಮೀನು, ಎಲ್ಲದರ ವಾಸನೆಯನ್ನೂ ಪಕ್ಕಕ್ಕೆ ಸರಿಸಿ ತಾನು ಕೂತುಬಿಡುತ್ತದೆ. ಲವೀನಾ ಅದನ್ನು ಕೋಣೆಗೆ ಒಯ್ದು ಕಿಟಕಿಯಲ್ಲಿಡುತ್ತಿದ್ದಳು. ಅದರ ಪರಿಮಳದಲ್ಲಿ ಮಲಗಿದರೆ ಕನಸಿನಲ್ಲಿ ಹೆಮ್ಲಾಕ್ ಲೇನ್ ಬರುತ್ತದಂತೆ. ಬಿಳಿ ಜಗಲಿಯ ಮನೆ, ಕೈಯಲ್ಲಿ ಕತ್ತರಿ ಹಿಡಿದು ತೋಟದಲ್ಲಿ ನಡೆಯುವ ತೆಳ್ಳಗಿನ ಮುದುಕಿ, ಅವಳ ಹಿಂದೆ ಹಿಂದೆ ಎರಡು ಬಾತುಕೋಳಿ.

"ಬಾತುಕೋಳಿ ಎಲ್ಲಿಂದ ಬಂತು?"

"ಮಿಸೆಸ್ ಆಶ್‌ಬ್ರಿಜ್ ಒಂದು ದಿನಾನೂ ಬಾತುಮೊಟ್ಟೆ ತರಿಸಿಲ್ಲ ನೋಡಿ. ಮನೇಲೇ ಇರುತ್ತೆ."

ಇಂಥ ಲೆಕ್ಕ ಹಾಕುವವಳ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಹೋದ ಶರತ್ಕಾಲದಲ್ಲಿ ಮಿಸೆಸ್ ಆಶ್‌ಬ್ರಿಜ್ ಸ್ವತಃ ಬಂದಿಳಿದಳು. ಒಡೆದ ಮೊಟ್ಟೆಯೊಂದರ ವಿಚಾರಕ್ಕೆ ನನ್ನನ್ನು ವಿಚಾರಿಸಿಕೊಳ್ಳಲು. ಗುಂಡಗೆ, ಕೆಂಪಗೆ, ಕೊರಳಿಗೆ ನರಿಚರ್ಮ ಸುತ್ತಿಕೊಂಡ ಅವಸರದ ಹೆಂಗಸು. ಹೆಸರು ಕಿವಿಗೆ ಬಿದ್ದದ್ದೇ ಲವೀನಾ ಕೈ ಒರೆಸಿಕೊಂಡು ಮೇಜಿನ ಹಿಂದಿನಿಂದ ಈಚೆ ಬಂದಳು. ಅವಳು ಹಾಗೆ ಬಂದದ್ದನ್ನು ನಾನು ಮುಂಚೆ ನೋಡಿರಲಿಲ್ಲ.

"ನಾನು ಬುಟ್ಟಿ ಕಟ್ಟೋಳು, ಅಮ್ಮಾ. ಆ ಕ್ವಿನ್ಸ್ ಹಣ್ಣಿಗೆ ನಿಮಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳೋಕೆ ಇವತ್ತು ಕಾಲ ಬಂತು."

"ಯಾವ ಕ್ವಿನ್ಸು?"

"ಕಳಿಸ್ತೀರಲ್ಲ, ಬುಟ್ಟಿ ಜೊತೆ. ಲೈಲ್ಯಾಕ್ ಹೂವೂ..."

"ನಂಗೆ ಲೈಲ್ಯಾಕ್ ಕಂಡ್ರೆ ಸೀನು. ನಮ್ಮನೇಲಿ ಒಂದು ಗಿಡಾನೂ ಇಟ್ಟಿಲ್ಲ. ಖಾಲಿ ಬುಟ್ಟೀನ ನಮ್ಮ ಆಳು ಸ್ಟೇಷನ್ನಿಗೆ ಒಯ್ದು ಎಸೆದು ಬರ್ತಾನೆ."

"ಮತ್ತೆ ಪ್ರೆಟ್ಜೆಲ್ಲು? ಬೆಣ್ಣೆ ಅಚ್ಚು?"

"ನಾನು ಪ್ರೆಟ್ಜೆಲ್ ತಿನ್ನೋಳ ಹಾಗೆ ಕಾಣ್ತೀನಾ?" ಎಂದು ಆಕೆ ನನ್ನ ಕಡೆ ತಿರುಗಿದಳು. "ಮಿಸ್ಟರ್ ಗಾಟ್‌ಶಾಲ್, ನಾನು ಬಂದಿದ್ದು ಮೊಟ್ಟೆ ವಿಷಯಕ್ಕೆ."

ಮೊಟ್ಟೆಯ ವಿಷಯ ಬಗೆಹರಿಯಿತು. ಆಕೆ ಹೊರಟುಹೋದಳು. ಲವೀನಾ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಅಷ್ಟರಲ್ಲಿ ಸಾಮಾನು ಗಾಡಿಯ ಲೆಮ್ಯುಯೆಲ್ ಬುಟ್ಟಿ ಒಯ್ಯಲು ಇಳಿದು ಬಂದ. ನಿಲ್ದಾಣಕ್ಕೂ ಮಾರುಕಟ್ಟೆಗೂ ನಡುವೆ ಓಡಾಡಿ ಎರಡೂ ಕಡೆಯ ಸುದ್ದಿ ಹೊತ್ತವನು. ನಡೆದದ್ದನ್ನು ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಬಟ್ಟೆ ಒಳಗಿಂದು ಮನೆಯೋರದು, ಬಟ್ಟೆ ಮೇಲಿಂದು ಇಳಿಸಿಕೊಂಡೋರದು. ರೈಲಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಬುಟ್ಟಿ ಇಳಿಸಿ ನೆರಳಿಗಿಡೋನಿಗೆ ಅಂತ ಯಾರಾದ್ರೂ ಒಂದು ಸೇಬು ಇಡ್ತಾರೆ, ಅವನು ತಗೋತಾನೆ. ಹೆಮ್ಲಾಕ್ ಲೇನಲ್ಲಿ ಇಳಿಸಿಕೊಳ್ಳೋದು ಏಜೆಂಟ್ ಆಂಬ್ರೋಸ್ ಟ್ರೀಗೊ. ಪ್ರೆಟ್ಜೆಲ್ ತಿನ್ನೋದೂ ಅವರೇ, ಹಣ್ಣು ಇಡೋದೂ ಅವರೇ."

"ಇಷ್ಟು ವರ್ಷ ನೀನು ಹೇಳಲಿಲ್ಲವಲ್ಲೋ," ಎಂದೆ.

"ಹೇಳೋದೇನಿದೆ? ಮಿಸ್ ಮೋಯರ್‌ಗೂ ಟ್ರೀಗೊಗೂ ಏನೋ ಇದೆ ಅಂತ ಜೆಂಕಿನ್‌ಟೌನಿಂದ ಆಚೆ ಎಲ್ಲರಿಗೂ ಗೊತ್ತು. ಸಿಗ್ನಲ್‌ನೋರು ಕೂಡ ಕೇಳ್ತಾರೆ, ಈ ವಾರ ಏನು ಹೋಯ್ತು ಅಂತ. ಇವರಿಗೊಬ್ಬರಿಗೇ ಗೊತ್ತಿಲ್ಲ ಅಂತ ನಂಗೇನು ಗೊತ್ತು."

ಮೇಲಿನವರ ಪದ್ಧತಿ ಕೆಳಗಿನವರಿಗೆ ಗೊತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ಮಾಳಿಗೆ ಅಷ್ಟೇ.

"ಹಾಗಾದ್ರೆ ಆ ಮನೆ ಇಲ್ಲ," ಎಂದಳು ಲವೀನಾ. ಯಾರಿಗೂ ಹೇಳಿದ ಹಾಗಿರಲಿಲ್ಲ. "ಆ ಊರಲ್ಲಿ ನಂಗೆ ಯಾರೂ ಇಲ್ಲ."

"ಟ್ರೀಗೊ ಇದಾರಲ್ಲ," ಎಂದ ಲೆಮ್ಯುಯೆಲ್.

"ನಾನು ಅವರಿಗೆ ಕಳಿಸಿದ್ದಲ್ಲ."

ಆ ವಾರದ ಬುಟ್ಟಿ ಪ್ರೆಟ್ಜೆಲ್ ಇಲ್ಲದೆ ಹೋಯಿತು. ವಾಪಸ್ಸು ಬಂದಾಗ ಬಟ್ಟೆಯ ಮೇಲೆ ಒಂದರ ಬದಲು ಎರಡು ಕ್ವಿನ್ಸ್. ಅದರ ಮುಂದಿನ ವಾರವೂ ಪ್ರೆಟ್ಜೆಲ್ ಹೋಗಲಿಲ್ಲ. ಈ ಸಲ ಒಂದು ಹಣ್ಣು, ಅದರ ಪಕ್ಕದಲ್ಲಿ ಕೆಮ್ಮಿನ ಮಾತ್ರೆಯ ಸಣ್ಣ ಡಬ್ಬಿ.

ಲವೀನಾ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ ಬಂದು ನಿಂತಳು. ಗಿರಾಕಿಗಳು ಇದ್ದರು, ಅವಳಿಗೆ ಕಾಣಲಿಲ್ಲ.

"ಹುಷಾರಿಲ್ಲ ಅಂದ್ಕೊಂಡಿದಾರೆ."

"ಹಾಗೇ ಕಾಣುತ್ತೆ."

"ನಾನೇನು ಮಾಡ್ಲಿ? ಮತ್ತೆ ಪ್ರೆಟ್ಜೆಲ್ ಇಟ್ರೆ ಮೋಸ. ಇಡ್ದಿದ್ರೆ ಅವರು ಔಷಧಿ ಕಳಿಸ್ತಾರೆ. ನಿಜ ಹೇಳೋಣ ಅಂದ್ರೆ, ಇಷ್ಟು ವರ್ಷ ತಿಂದಿದ್ದು ಬೇರೆಯವರದು ಅಂತ ಒಬ್ಬ ಮನುಷ್ಯನಿಗೆ ಹೆಂಗೆ ಹೇಳೋದು?"

"ಹೇಳದಿದ್ದರಾಯ್ತು. ಈ ತಿಂಗಳು ಕಳೆದರೆ ಎಲ್ಲಾ ತಾನಾಗೇ ಮುಗಿಯುತ್ತೆ."

ಅದು ನಿಜವಾಗಿತ್ತು. ಕರೆಂಟಿನ ಗಾಡಿಗಳು ಸಣ್ಣ ಸ್ಟೇಷನ್ನಿನಲ್ಲಿ ನಿಂತಂತೆ ಮಾಡಿ ಓಡುತ್ತವೆ, ಬುಟ್ಟಿ ಇಳಿಸಲು ಪುರುಸೊತ್ತಿಲ್ಲ. ಹೆಮ್ಲಾಕ್ ಲೇನಿನ ಏಜೆಂಟ್ ಕೆಲಸವನ್ನೇ ತೆಗೆಯುತ್ತಾರೆ, ಟಿಕೆಟ್ಟು ಗಾಡಿಯಲ್ಲೇ ಕೊಡುತ್ತಾರೆ ಎಂದು ಲೆಮ್ಯುಯೆಲ್ ಹೇಳಿದ್ದ. ಟ್ರೀಗೊ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಿ ದೂರದ ಓಹಾಯೋದಲ್ಲಿರುವ ತಂಗಿಯ ಮನೆ ಸೇರುವವನಿದ್ದ.

ಇದನ್ನು ಸಮಾಧಾನವೆಂದು ನಾನು ಹೇಳಿದೆ. ವ್ಯಾಪಾರದಲ್ಲಿ ಹಾಗೆಯೇ, ಗಿರಾಕಿ ಊರು ಬಿಟ್ಟರೆ ತಕರಾರೂ ಊರು ಬಿಡುತ್ತದೆ. ಲವೀನಾ ಡಬ್ಬಿ ತೆರೆದು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಳು. ಅವಳಿಗೆ ಕೆಮ್ಮಿರಲಿಲ್ಲ.

"ಕೊನೇ ಬುಟ್ಟಿ ನಾನೇ ಒಯ್ತೀನಿ," ಎಂದಳು. "ಹೇಳ್ಬೇಕಾದ್ದು ಹೇಳಿ ಬರ್ತೀನಿ. ನೀವೂ ಬನ್ನಿ ಮಿಸ್ಟರ್ ಗಾಟ್‌ಶಾಲ್. ಮೆಟ್ಟಿಲ ಮೇಲೆ ಹೋದ್ರೆ ಎಡಕ್ಕೋ ಬಲಕ್ಕೋ ನಂಗೊತ್ತಿಲ್ಲ."

ಹೋದೆ. ಬೆಣ್ಣೆ ನನ್ನದಲ್ಲವೆ.

ಬೆಳಗಿನ ಗಾಡಿ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಒಂದೇ ಕಮಾನಿನ ಆ ಭಾರಿ ಮಾಡು. ಇಷ್ಟು ದಿನ ತನ್ನ ತಲೆಯ ಮೇಲೆ ಇಂಥದೊಂದಿತ್ತು ಎಂದು ಅವಳು ಕತ್ತೆತ್ತಿ ನೋಡುತ್ತ ನಿಂತುಬಿಟ್ಟಳು. ಕಬ್ಬಿಣದ ಸಂದಿಯಲ್ಲಿ ಪಾರಿವಾಳ ಹಾರುತ್ತಿದ್ದವು. ಗಾಜಿನಿಂದ ಇಳಿದ ಬೆಳಕು ಹಾಲಿನ ಹಾಗಿತ್ತು. ನಾನು ಅವಳ ತೋಳು ಹಿಡಿದು ಗಾಡಿ ಹತ್ತಿಸಿದೆ.

ಗಾಡಿ ಸದ್ದಿಲ್ಲದೆ ಜಾರಿತು. ಮನೆಗಳ ಮಾಳಿಗೆಯ ಎತ್ತರದಲ್ಲಿ ಹಳಿ ಹೋಗುತ್ತದೆ. ಒಣಗಿಸಿದ ಬಟ್ಟೆ, ಕಿಟಕಿಯಲ್ಲಿ ಗಡ್ಡ ಬೋಳಿಸಿಕೊಳ್ಳುವ ಗಂಡಸು, ಚಾವಣಿಯ ಮೇಲೆ ನಿದ್ದೆ ಮಾಡುವ ಬೆಕ್ಕು, ಎಲ್ಲ ಹಿಂದಕ್ಕೆ ತೇಲಿದವು. ಲವೀನಾ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕಣ್ಣು ಮುಚ್ಚಿದಳು.

"ಇದು ಟಯೋಗ," ಎಂದಳು ಗಾಡಿ ನಿಂತಾಗ. "ಉಪ್ಪುಮೀನು, ದೊಡ್ಡ ಈರುಳ್ಳಿ." ಮತ್ತೆ ಹೊರಟಿತು. "ಇದು ವೇಯ್ನ್ ಜಂಕ್ಷನ್. ಶನಿವಾರ ಬಾತುಕೋಳಿ, ಬೇರೆ ದಿನ ಆಲೂಗಡ್ಡೆ."

"ಕಣ್ಣು ಬಿಟ್ಟು ನೋಡಮ್ಮ."

"ನೀವೇ ನೋಡಿ ಹೇಳಿ, ಏನಿದೆ."

ನಾನು ಹೇಳುತ್ತ ಹೋದೆ. ಕಲ್ಲಿದ್ದಲ ರಾಶಿ ಕಂಡರೆ ಕಲ್ಲಿದ್ದಲ ರಾಶಿ ಎಂದೆ. ಸ್ವಲ್ಪ ದೂರ ಹೋದ ಮೇಲೆ ನನಗೇ ಗೊತ್ತಿಲ್ಲದೆ ಮಾತು ಬದಲಾಯಿತು. ಒಂದು ತೊರೆಯ ಮೇಲೆ ಸೇತುವೆ ಇತ್ತು, ತೊರೆಯೊಳಗೆ ಇನ್ನೊಂದು ಗಾಡಿ ತಲೆಕೆಳಗಾಗಿ ಓಡುತ್ತಿತ್ತು, ಅದರ ಕಿಟಕಿಯಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಕಂಡಳು. ಅದನ್ನೂ ಹೇಳಿದೆ. ಆಮೇಲೆ ಜೆಂಕಿನ್‌ಟೌನ್ ಬಂತು. ನಾನು ಸುಮ್ಮನಾದೆ.

"ಏನಿದೆ?"

ಮನೆಗಳು ಮಾಡಿನವರೆಗೂ ಮುಳುಗಿದ್ದವು. ಒಂದು ಚರ್ಚಿನ ಗೋಪುರ ದೋಣಿಯ ಕಂಬದ ಹಾಗೆ ನಿಂತಿತ್ತು. ಬ್ಯಾಂಕು ಎಲ್ಲೂ ಕಾಣಲಿಲ್ಲ.

"ಮಂಜು," ಎಂದೆ.

ಅವಳು ಕಣ್ಣು ಬಿಡದೆ ನಕ್ಕಳು.

ಹೆಮ್ಲಾಕ್ ಲೇನಿನಲ್ಲಿ ಇಳಿದವರು ನಾವಿಬ್ಬರೇ. ಬಿಳಿ ಜಗಲಿಯಿಲ್ಲ, ಬಾತುಕೋಳಿಯಿಲ್ಲ. ಗುಬ್ಬಿಗೂಡಿನಂಥ ಮರದ ಸ್ಟೇಷನ್, ಒಂದು ಬೆಂಚು. ಹಿಂದುಗಡೆ ಮಾತ್ರ ಉಗಿಬಂಡಿಯ ಕಾಲದ ನೀರಿನ ತೊಟ್ಟಿಯ ಸುತ್ತ ಯಾರೋ ಬೇಲಿ ಕಟ್ಟಿ, ಒಂದಿಷ್ಟು ಜಾಗವನ್ನು ಕಂಪನಿಗೆ ಕೇಳದೆ ತೋಟ ಮಾಡಿಕೊಂಡಿದ್ದರು. ಲೈಲ್ಯಾಕ್ ಪೊದೆ, ಪೈನ್ ಮರ. ತೊಟ್ಟಿಗೆ ಒರಗಿ ಒಂದು ಕ್ವಿನ್ಸ್ ಗಿಡ, ಆ ಮಬ್ಬಿನಲ್ಲಿ ಅದರ ಹಣ್ಣುಗಳೇ ದೀಪ.

ಒಳಗಿನಿಂದ ಬಂದ ಆಂಬ್ರೋಸ್ ಟ್ರೀಗೊ ಕುಳ್ಳ. ಬೋಳುತಲೆ, ಕಿವಿಯಲ್ಲಿ ಕೂದಲು, ಸಮವಸ್ತ್ರದ ಮೇಲಿನ ಗುಂಡಿ ಇಲ್ಲ. ಕನಸಿನಲ್ಲಿ ಬರುವಂಥ ಆಳು ಅಲ್ಲವೇ ಅಲ್ಲ. ಅವನು ನಮ್ಮ ಮುಖ ನೋಡಲಿಲ್ಲ. ಬುಟ್ಟಿಯ ಗಂಟು ನೋಡಿದ.

"ಮಿಸ್ ಮೋಯರ್," ಎಂದ. "ಕೆಮ್ಮು ಹೇಗಿದೆ?"

"ಕೆಮ್ಮು ಇರ್ಲಿಲ್ಲ," ಎಂದಳು ಲವೀನಾ. ಬುಟ್ಟಿಯನ್ನು ಬೆಂಚಿನ ಮೇಲಿಟ್ಟಳು. "ಮಿಸ್ಟರ್ ಟ್ರೀಗೊ, ಒಂದು ಮಾತು ಹೇಳ್ಬೇಕು, ಹೇಳಿ ಮುಗಿಸೋವರೆಗೂ ಸುಮ್ನಿರಿ. ಆ ಪ್ರೆಟ್ಜೆಲ್ ನಾನು ನಿಮಗೆ ಅಂತ ಇಟ್ಟಿದ್ದಲ್ಲ. ಮಿಸೆಸ್ ಆಶ್‌ಬ್ರಿಜ್‌ಗೆ ಅಂತ. ನಿಮ್ಮ ರೈಲಿನೋರ ಪದ್ಧತಿ ನಂಗೆ ಗೊತ್ತಿರ್ಲಿಲ್ಲ. ಹಣ್ಣು ಹೂವೂ ಅವರೇ ಕಳಿಸ್ತಾರೆ ಅಂದ್ಕೊಂಡಿದ್ದೆ. ಇಷ್ಟೂ ವರ್ಷ."

ಟ್ರೀಗೊ ಹಳಿಯ ಕಡೆ ನೋಡಿದ. ನಾವು ಬಂದ ಗಾಡಿ ಮಂಜಿನಲ್ಲಿ ಆಗಲೇ ಕರಗಿತ್ತು. ನಾನು ಯಾವುದೋ ಜಾಹೀರಾತು ಓದುವವನಂತೆ ಗೋಡೆಗೆ ಮುಖ ಮಾಡಿ ನಿಂತೆ. ಆ ಗೋಡೆಯ ಮೇಲೆ ಜಾಹೀರಾತು ಇರಲಿಲ್ಲ.

"ಬೆಣ್ಣೇನೂ ಅವರದೇನಾ?" ಎಂದು ಕೊನೆಗೆ ಕೇಳಿದ.

"ಬೆಣ್ಣೇನೂ."

"ಒಳ್ಳೇ ಬೆಣ್ಣೆ ಅದು."

ನಾನು ತಿರುಗಲಿಲ್ಲ. ಬಹಳ ಕಷ್ಟವಾಯಿತು.

"ನಾನು ತಪ್ಪು ತಿಳ್ಕೊಂಡೆ ಅನ್ನಿ," ಎಂದ ಟ್ರೀಗೊ. ಮೆಲ್ಲಗೆ ಮಾತಾಡುವ ಅಭ್ಯಾಸ ಅವನದು, ಗಾಡಿಗಳ ನಡುವೆ ಒಬ್ಬನೇ ಇರುವವರ ಹಾಗೆ. "ಆದ್ರೆ ಕ್ವಿನ್ಸ್ ತಪ್ಪಾಗಿ ಹೋಗಿದ್ದಲ್ಲ. ಅದು ಗಂಟು ಹಾಕಿದೋರಿಗೇ ಅಂತ ಇಟ್ಟಿದ್ದು. ಲೈಲ್ಯಾಕೂ ಅಷ್ಟೆ. ಅವೆಲ್ಲ ಸರಿಯಾದ ವಿಳಾಸಕ್ಕೇ ಬಂದವು."

ಲವೀನಾ ತೊಟ್ಟಿಯ ಕಡೆ ನೋಡಿದಳು, ಗಿಡ ನೋಡಿದಳು, ಅವನ ಗುಂಡಿಯಿಲ್ಲದ ಕೋಟು ನೋಡಿದಳು. ಆಮೇಲೆ ಕೈಚೀಲ ತೆರೆದು ಎಣ್ಣೆಕಾಗದದ ಪೊಟ್ಟಣ ತೆಗೆದಳು. ಅದನ್ನು ತಂದಿದ್ದಾಳೆಂದು ನನಗೂ ಹೇಳಿರಲಿಲ್ಲ. ಬುಟ್ಟಿಯ ಬಟ್ಟೆ ಮುದುರಿತ್ತು. ಅಂಗೈಯಿಂದ ಅದನ್ನು ಸಾಪು ಮಾಡಿ, ಪೊಟ್ಟಣವನ್ನು ಬಟ್ಟೆಯ ಮೇಲೆ, ಗಂಟಿನ ಸಂದಿಗೆ ಸಿಕ್ಕಿಸಿದಳು.

"ಬುಟ್ಟಿ ಇಳಿಸ್ಕೊಳ್ಳಿ, ಮಿಸ್ಟರ್ ಟ್ರೀಗೊ," ಎಂದಳು.

ಅವನು ಎರಡೂ ಕೈಯಲ್ಲಿ ಬುಟ್ಟಿಯನ್ನು ಬೆಂಚಿನಿಂದ ಎತ್ತಿ ನೆರಳಿಗೆ ಇಟ್ಟ. ಆಮೇಲೆ ಪ್ರೆಟ್ಜೆಲ್ ಮುರಿದು ಅರ್ಧ ಅವಳಿಗೆ ಕೊಟ್ಟ. ನನಗೆ ಯಾರೂ ಕೊಡಲಿಲ್ಲ, ನಾನು ಇಳಿಸಿಕೊಂಡವನೂ ಅಲ್ಲ, ಕಟ್ಟಿದವನೂ ಅಲ್ಲ.

ಬುಟ್ಟಿಗಳು ನಿಂತವು. ಸ್ಟೇಷನ್ನಿನ ಬಾಗಿಲಿಗೆ ಹಲಗೆ ಹೊಡೆದರು. ಟ್ರೀಗೊ ಹಳಿಯ ಆಚೆ ಒಂದು ಬಾಡಿಗೆ ಕೋಣೆ ಹಿಡಿದಿದ್ದಾನೆ, ಕ್ವಿನ್ಸ್ ಕಾಲ ಮುಗಿಯಲಿ, ಆಮೇಲೆ ಓಹಾಯೋಗೆ ಹೋಗುತ್ತೇನೆ ಎಂದು ತಂಗಿಗೆ ಹೇಳಿದ್ದಾನೆಂದು ಲೆಮ್ಯುಯೆಲ್ ಸುದ್ದಿ ತಂದ. ಲವೀನಾ ಈಗ ನನ್ನ ಅಂಗಡಿಯಲ್ಲೇ ಬೆಣ್ಣೆ ಅಚ್ಚೊತ್ತುತ್ತಾಳೆ. ಬುಧವಾರ ಬಂದರೆ ಬೆಳಿಗ್ಗೆಯೇ ಏಪ್ರನ್ ಬಿಚ್ಚಿ ಮೆಟ್ಟಿಲು ಹತ್ತುತ್ತಾಳೆ. ಎಡಕ್ಕೋ ಬಲಕ್ಕೋ ಎಂದು ಕೇಳುವುದಿಲ್ಲ.

ಈಗ ಮಾರ್ಚ್ ತಿಂಗಳು, ಗಿಡದಲ್ಲಿ ಎಲೆಯೂ ಇಲ್ಲ. ನಿನ್ನೆ ವಿಚಾರಿಸಿದೆ.

"ಕ್ವಿನ್ಸ್ ಮುಗೀತೇನಮ್ಮ?"

"ಇನ್ನೂ ಇದೆಯಂತೆ," ಎಂದಳು ಲವೀನಾ, ಅಚ್ಚಿನಿಂದ ತಲೆಯೆತ್ತದೆ.